ಟ್ರ್ಯಾಕ್ಟರಿನ ಟೈರು ಬದಲಿಸುವ ಮುನ್ನ: ಅಳತೆ, ನೆಲ ಹಾಗೂ ಕೆಲಸಕ್ಕೆ ತಕ್ಕ ಆಯ್ಕೆ

ಟ್ರ್ಯಾಕ್ಟರನ್ನು ಕೊಳ್ಳುವಾಗ ರೈತ ಬಾಂಧವರು ಎಂಜಿನ್ನಿನ ಅಶ್ವಶಕ್ತಿ, ಡೀಸೆಲ್ ಖರ್ಚು, ಹೈಡ್ರಾಲಿಕ್‌ನ ಎತ್ತುವ ಸಾಮರ್ಥ್ಯ ಇವೆಲ್ಲವನ್ನೂ ನಾಲ್ಕಾರು ಕಡೆ ವಿಚಾರಿಸುತ್ತಾರೆ. ಆದರೆ ಕೆಲವು ವರ್ಷಗಳ ನಂತರ ಟೈರು ಸವೆದಾಗ ಇಂತಹ ವಿಚಾರಣೆ ನಡೆಯುವುದು ವಿರಳ. ಮುಂಗಾರು ಉಳುಮೆಯ ಅವಸರದಲ್ಲಿ, ಅಂದು ಅಂಗಡಿಯಲ್ಲಿ ಯಾವುದು ದೊರೆಯಿತೋ ಅದನ್ನೇ ಹಾಕಿಸಿಕೊಂಡು ಬರುವುದು ವಾಡಿಕೆಯಾಗಿದೆ. ಎಂಜಿನ್ನಿನ ಶಕ್ತಿಯೆಲ್ಲವೂ ಮಣ್ಣಿಗೆ ತಲುಪುವುದು ಟೈರು ನೆಲಕ್ಕೆ ಒತ್ತಿಕೊಳ್ಳುವ ಸಣ್ಣ ಜಾಗದ ಮೂಲಕ ಮಾತ್ರ. ಅಲ್ಲಿ ಆಯ್ಕೆ ತಪ್ಪಿದರೆ ಡೀಸೆಲ್, ಸಮಯ, ಮಣ್ಣು ಮೂರೂ ಹಾಳಾಗುತ್ತವೆ. ನಾಲ್ಕು ಚಕ್ರ ಚಾಲಿತ ಟ್ರ್ಯಾಕ್ಟರಿನಲ್ಲಿ ಮುಂಭಾಗದ ಗೇರುಗಳಿಗೂ ಪೆಟ್ಟು ಬೀಳುತ್ತದೆ.

ಟೈರು ನಿಜವಾಗಿಯೂ ಸವೆದಿದೆಯೇ?

ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಟೈರಿನ ಮೇಲಿರುವ ಓರೆಯಾದ ದಪ್ಪ ರಬ್ಬರ್ ಪಟ್ಟಿಗಳನ್ನು ಲಗ್ ಎಂದು ಕರೆಯುತ್ತಾರೆ. ಲಗ್ ತಗ್ಗಾದ ಕೂಡಲೇ ಟೈರು ಕೆಲಸಕ್ಕೆ ಬಾರದು ಎಂದು ಭಾವಿಸಬೇಕಾಗಿಲ್ಲ. ಗಟ್ಟಿಯಾದ ಒಣ ನೆಲದಲ್ಲಿ ಅರ್ಧ ಸವೆದ ಟೈರು ಹೊಸದರಷ್ಟೇ ಹಿಡಿತ ಕೊಡಬಲ್ಲದು. ತೇವದ ಎರೆ ಮಣ್ಣಿನಲ್ಲಿ, ಹಸಿ ಹುಲ್ಲಿನ ಮೇಲೆ ಹಾಗೂ ಇಳಿಜಾರಿನಲ್ಲಿ ಮಾತ್ರ ಅದೇ ಟೈರು ಜಾರಿ ಕೈಕೊಡುತ್ತದೆ. ಆದ್ದರಿಂದ ಕಣ್ಣಳತೆಯನ್ನು ನಂಬುವುದಕ್ಕಿಂತ ಜಾರುವಿಕೆಯನ್ನು ಅಳೆದು ನೋಡುವುದು ಮೇಲು. ಇದಕ್ಕೆ ಒಂದು ಸೀಮೆಸುಣ್ಣದ ತುಂಡು ಮತ್ತು ಎರಡು ಗೂಟಗಳು ಸಾಕು.

ಹಿಂದಿನ ಟೈರಿನ ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿರಿ. ನೇಗಿಲು ಅಥವಾ ಕಲ್ಟಿವೇಟರನ್ನು ಎಂದಿನ ಆಳಕ್ಕೆ ಇಳಿಸಿ ಉಳುಮೆ ಮಾಡುತ್ತಾ ಸಾಗಿರಿ. ಗುರುತು ನೆಲ ಮುಟ್ಟಿದ ಜಾಗದಲ್ಲಿ ಒಂದು ಗೂಟ ನೆಟ್ಟು, ಚಕ್ರ ಸರಿಯಾಗಿ 10 ಸುತ್ತು ತಿರುಗಿದ ಮೇಲೆ ಮತ್ತೊಂದು ಗೂಟ ನೆಡಿರಿ. ಬಳಿಕ ಉಪಕರಣವನ್ನು ಮೇಲೆತ್ತಿ, ಅದೇ ಗೇರಿನಲ್ಲಿ, ಅದೇ ಎರಡು ಗೂಟಗಳ ನಡುವೆ ಹೋಗುವಾಗ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂದು ಎಣಿಸಿರಿ. ಎಂಟೂವರೆ ಸುತ್ತು ಬಂದರೆ ಜಾರುವಿಕೆ ಶೇ. 15, ಒಂಬತ್ತು ಬಂದರೆ ಶೇ. 10. ಈ ಎರಡರ ನಡುವೆ ಇದ್ದರೆ ನಿಮ್ಮ ಟೈರು ತನ್ನ ಕೆಲಸವನ್ನು ಮಾಡುತ್ತಿದೆ ಎಂದು ತಿಳಿಯಬಹುದು. ಏಳೂವರೆ ಸುತ್ತು ಮಾತ್ರ ಬಂದರೆ ಜಾರುವಿಕೆ ಶೇ. 25. ಅಂದರೆ ಟ್ರ್ಯಾಕ್ಟರು 100 ಮೀಟರ್ ಮುಂದೆ ಸಾಗಲು ಚಕ್ರವು 133 ಮೀಟರಿನಷ್ಟು ಉರುಳಿದೆ. ಉಳಿದ 33 ಮೀಟರಿನ ಡೀಸೆಲ್ ಮಣ್ಣನ್ನು ಕೆದರುವುದಕ್ಕೇ ಖರ್ಚಾಗಿದೆ.

ಹಾಗೆಂದು ತಕ್ಷಣ ಅಂಗಡಿಗೆ ಹೋಗಬೇಡಿ. ಗಾಳಿ ಹೆಚ್ಚಾಗಿದ್ದರೂ, ಹಿಂಭಾಗದಲ್ಲಿ ತೂಕ ಸಾಲದಿದ್ದರೂ ಜಾರುವಿಕೆ ಏರುತ್ತದೆ. ಅವೆರಡನ್ನೂ ಸರಿಪಡಿಸಿ ಮತ್ತೊಮ್ಮೆ ಎಣಿಸಿರಿ. ಜಾರುವಿಕೆ ಶೇ. 8ಕ್ಕಿಂತ ಕಡಿಮೆ ಬಂದರೆ ಟ್ರ್ಯಾಕ್ಟರು ಅಗತ್ಯಕ್ಕಿಂತ ಭಾರವಾಗಿದೆ ಎಂದರ್ಥ. ಆಗ ತೂಕದ ಕೆಲವು ಬಿಲ್ಲೆಗಳನ್ನು ತೆಗೆಯುವುದು ಒಳ್ಳೆಯದು. ವಿಸ್ತರಣಾ ಕಾರ್ಯಕರ್ತರು ಈ ಪರೀಕ್ಷೆಯನ್ನು ರೈತರ ಹೊಲದಲ್ಲಿಯೇ ಮಾಡಿ ತೋರಿಸಬಹುದು. ಅರ್ಧ ಗಂಟೆಯ ಈ ಪ್ರಾತ್ಯಕ್ಷಿಕೆ ಒಂದು ದಿನದ ಉಪನ್ಯಾಸಕ್ಕಿಂತ ಹೆಚ್ಚು ಮನಸ್ಸಿಗೆ ನಾಟುತ್ತದೆ.

ಜಾರುವಿಕೆ ಎಷ್ಟೇ ಇರಲಿ, ಒಳಗಿನ ನೂಲು ಹೊರಗೆ ಕಾಣುತ್ತಿದ್ದರೆ, ಪಕ್ಕದಲ್ಲಿ ಆಳವಾದ ಸೀಳು ಅಥವಾ ಉಬ್ಬು ಇದ್ದರೆ, ರಿಮ್ಮಿಗೆ ಕೂರುವ ಅಂಚಿನ ತಂತಿ ತುಂಡಾಗಿದ್ದರೆ ಆ ಟೈರನ್ನು ಬದಲಿಸಲೇಬೇಕು. ತುಂಬಿದ ಕಬ್ಬಿನ ಟ್ರೇಲರನ್ನು ಎಳೆಯುವಾಗ ಇಂತಹ ಟೈರು ಒಡೆದರೆ ಪರಿಣಾಮ ಏನಾಗಬಹುದೆಂದು ವಿವರಿಸುವ ಅಗತ್ಯವಿಲ್ಲ.

ಟೈರಿನ ಮೇಲಿನ ಅಂಕಿಗಳನ್ನು ಓದುವ ಬಗೆ

ನಮ್ಮಲ್ಲಿ ಹೆಚ್ಚಾಗಿ ಕಾಣುವ ಹಿಂದಿನ ಟೈರಿನ ಅಳತೆಗಳು 12.4-28, 13.6-28, 14.9-28 ಮತ್ತು 16.9-28. ಮೊದಲ ಅಂಕಿ ಟೈರಿನ ಅಗಲವನ್ನು, ಎರಡನೆಯದು ರಿಮ್ಮಿನ ವ್ಯಾಸವನ್ನು ಅಂಗುಲಗಳಲ್ಲಿ ಸೂಚಿಸುತ್ತದೆ. ನಡುವೆ ಅಡ್ಡಗೆರೆ ಇದ್ದರೆ ಅದು ಬಯಾಸ್ ಟೈರು, ಅಂದರೆ ಒಳಗಿನ ನೂಲು ಓರೆಯಾಗಿ ಹೆಣೆದಿರುವ ಸಾಂಪ್ರದಾಯಿಕ ಟೈರು. ಅಡ್ಡಗೆರೆಯ ಬದಲು ‘ಆರ್’ ಅಕ್ಷರವಿದ್ದರೆ ರೇಡಿಯಲ್. ರೇಡಿಯಲ್ ಟೈರುಗಳಲ್ಲಿ 340/85 ಆರ್ 28 ಎಂಬಂತಹ ಬರಹವೂ ಇರುತ್ತದೆ. ಇದರಲ್ಲಿ 340 ಎಂಬುದು ಮಿಲಿಮೀಟರಿನಲ್ಲಿ ಅಗಲ. 85 ಎಂಬುದು ಅಗಲದ ಶೇಕಡಾ ಎಷ್ಟು ಎತ್ತರ ಎಂಬುದು. ಈ ಅಳತೆ 13.6-28ಕ್ಕೆ ಸಮಾನವಾದದ್ದು. ಹಾಗೆಯೇ 380/85 ಆರ್ 28 ಎಂಬುದು 14.9-28ಕ್ಕೆ ಸಮಾನ.

‘ಪ್ಲೈ ರೇಟಿಂಗ್’ ಎಂಬುದರ ಕುರಿತು ತಪ್ಪು ತಿಳಿವಳಿಕೆ ಬಹಳವಿದೆ. 12 ಪ್ಲೈ ಎಂದರೆ ಒಳಗೆ ಹನ್ನೆರಡು ಪದರಗಳಿವೆ ಎಂದಲ್ಲ. ಅದು ಭಾರ ಹೊರುವ ಶಕ್ತಿಯ ಅಳತೆಗೋಲು ಮಾತ್ರ. ಪ್ಲೈ ಹೆಚ್ಚಿದಷ್ಟೂ ಟೈರು ಬಿರುಸಾಗುತ್ತದೆ. ರಸ್ತೆಯಲ್ಲಿ ಟ್ರೇಲರ್ ಎಳೆಯುವವರಿಗೆ, ಲೋಡರ್ ಕಟ್ಟಿಕೊಂಡವರಿಗೆ ಇದು ಅನುಕೂಲ. ಆದರೆ ಬರೀ ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರಿಗೆ ಬಿರುಸು ಟೈರು ಮಣ್ಣನ್ನು ಹೆಚ್ಚು ಒತ್ತುತ್ತದೆ. ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಪ್ಲೈ ಎಂದಿಗೂ ಬೇಡ. ಹೆಚ್ಚಿನದನ್ನು ಕಾರಣವಿದ್ದರೆ ಮಾತ್ರ ಆರಿಸಿಕೊಳ್ಳಿ.

‘ಒಂದು ಸೈಜು ದೊಡ್ಡದು ಹಾಕಿಸಿ, ಎಳೆತ ಜಾಸ್ತಿ’ ಎಂಬ ಮಾತು ಅಂಗಡಿಗಳಲ್ಲಿ ಆಗಾಗ ಕೇಳಿಬರುತ್ತದೆ. ಒಂದೊಂದು ಅಗಲದ ಟೈರಿಗೂ ನಿಗದಿತ ಅಗಲದ ರಿಮ್ ಇರುತ್ತದೆ. ರಿಮ್ ಕಿರಿದಾದರೆ ಟೈರಿನ ನಡುಭಾಗ ಉಬ್ಬಿ ಅದೇ ಬೇಗ ಸವೆಯುತ್ತದೆ. ಅಂಚಿನ ಲಗ್‌ಗಳು ನೆಲವನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಟೈರಿನ ಎತ್ತರ ಹೆಚ್ಚಿದರೆ ಪ್ರತಿ ಗೇರಿನಲ್ಲೂ ವೇಗ ಹೆಚ್ಚುತ್ತದೆ, ಎಳೆಯುವ ಬಲ ತಗ್ಗುತ್ತದೆ. ಕೇಳಿದ್ದಕ್ಕೆ ನೇರ ವಿರುದ್ಧ. ಮಡ್‌ಗಾರ್ಡಿಗೆ ಉಜ್ಜುವ ಸಂಭವವೂ ಇದೆ. ಹತ್ತಿ, ಮೆಕ್ಕೆಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವವರು ಅಗಲದ ಟೈರಿನಿಂದ ಪೈರನ್ನು ತುಳಿಸಬೇಕಾಗುತ್ತದೆ. ರಿಮ್ಮಿನ ಮೇಲೆ ಅಚ್ಚಾಗಿರುವ ಅಳತೆಯನ್ನೂ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಒಪ್ಪಿರುವ ಟೈರಿನ ಪಟ್ಟಿಯನ್ನೂ ಹೋಲಿಸಿ ನೋಡದೆ ಅಳತೆ ಬದಲಿಸಬೇಡಿ.

ನೆಲಕ್ಕೆ ತಕ್ಕ ಲಗ್

ಸಾಮಾನ್ಯ ಬೇಸಾಯದ ಟೈರಿಗೆ ‘ಆರ್-1’ ಎಂಬ ಗುರುತು ಇರುತ್ತದೆ. ಕೆಂಪು ಮಣ್ಣಿನ ಮಳೆಯಾಶ್ರಿತ ಹೊಲಗಳಿಗೆ, ಒಣ ಉಳುಮೆಗೆ, ಜೊತೆಗೆ ಒಂದಿಷ್ಟು ರಸ್ತೆ ಓಡಾಟಕ್ಕೆ ಇದೇ ಸರಿ. ಇದಕ್ಕಿಂತ ಸುಮಾರು ಶೇ. 20ರಿಂದ 25ರಷ್ಟು ಆಳದ ಲಗ್ ಇರುವುದು ‘ಆರ್-1 ಡಬ್ಲ್ಯೂ’. ಮಳೆ ಬಿದ್ದ ಎರೆ ಭೂಮಿಯಲ್ಲಿ, ನೀರಾವರಿ ಹೊಲದಲ್ಲಿ ಇದು ಹೆಚ್ಚು ಉಪಯುಕ್ತ. ಆದರೆ ಡಾಂಬರು ರಸ್ತೆಯಲ್ಲಿ ಎತ್ತರದ ಲಗ್ ಬಳುಕಿ ಬೇಗ ತೇಯುತ್ತದೆ. ವರ್ಷದ ಬಹುಪಾಲು ದಿನ ಇಟ್ಟಿಗೆ, ಜಲ್ಲಿ, ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ಇದನ್ನು ಹಾಕಿಸುವುದು ಹಣ ಕಳೆದುಕೊಂಡಂತೆ.

ಭತ್ತದ ಗದ್ದೆಗೆಂದೇ ಇನ್ನೂ ಆಳದ ಲಗ್ ಇರುವ ‘ಆರ್-2’ ಟೈರುಗಳಿವೆ. ಆದರೆ ಕೆಸರು ಮಾಡುವುದು ವರ್ಷದಲ್ಲಿ ಕೆಲವೇ ವಾರಗಳ ಕೆಲಸವಾಗಿದ್ದರೆ, ಸಾಮಾನ್ಯ ಟೈರಿಗೆ ಕೇಜ್‌ವೀಲ್ ಜೋಡಿಸಿಕೊಳ್ಳುವುದೇ ಲೇಸು. ಕೇಜ್‌ವೀಲ್ ಹಾಕಿಕೊಂಡು ರಸ್ತೆಗೆ ಇಳಿಯುವುದು ಬೇಡ. ಊರಿನ ರಸ್ತೆ ಕಿತ್ತುಹೋಗುತ್ತದೆ, ಆಕ್ಸಲ್ಲಿಗೂ ಒಳ್ಳೆಯದಲ್ಲ.

ರೇಡಿಯಲ್ ಟೈರಿನ ಪಕ್ಕಗಳು ಮೆದುವಾಗಿ ಬಾಗುವುದರಿಂದ ನೆಲಕ್ಕೆ ತಾಗುವ ಜಾಗ ಹೆಚ್ಚು. ಜಾರುವಿಕೆ ಕಡಿಮೆ, ಡೀಸೆಲ್ ಉಳಿತಾಯ, ಮಣ್ಣಿನ ಒತ್ತಡವೂ ಕಡಿಮೆ. ಬೆಲೆ ಮಾತ್ರ ಹೆಚ್ಚು. ವರ್ಷಕ್ಕೆ ನೂರಾರು ಗಂಟೆ ಬಾಡಿಗೆ ಉಳುಮೆ ಮಾಡುವವರಿಗೆ ಆ ಬೆಲೆ ಮರಳಿ ಬರುತ್ತದೆ. ಸ್ವಂತ ನಾಲ್ಕೈದು ಎಕರೆಗಷ್ಟೇ ಬಳಸುವವರಿಗೆ ಬಯಾಸ್ ಟೈರೇ ಸಾಕೆಂಬುದು ನಮ್ಮ ಅಭಿಪ್ರಾಯ. ತೊಗರಿ ಕೂಳೆ, ಹತ್ತಿ ಕಟ್ಟಿಗೆ, ಜಾಲಿ ಮುಳ್ಳು ಹೆಚ್ಚಿರುವ ಹೊಲಗಳಲ್ಲಿ ರೇಡಿಯಲ್‌ನ ಮೆದು ಪಕ್ಕಗಳಿಗೆ ಗಾಯವಾಗುವ ಸಂಭವ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದೇ ಆಕ್ಸಲ್ಲಿಗೆ ಒಂದು ಬಯಾಸ್, ಒಂದು ರೇಡಿಯಲ್ ಹಾಕುವುದು ಸರ್ವಥಾ ಕೂಡದು.

ನಾಲ್ಕು ಚಕ್ರ ಚಾಲಿತ ಟ್ರ್ಯಾಕ್ಟರಿನವರು ಗಮನಿಸಬೇಕಾದದ್ದು

ಈ ಭಾಗವನ್ನು ತುಸು ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ನಾಲ್ಕೂ ಚಕ್ರಗಳು ಎಳೆಯುವ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಶೇ. 1ರಿಂದ 5ರಷ್ಟು ಹೆಚ್ಚು ದೂರ ಉರುಳುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಇದನ್ನು ಮುನ್ನಡೆ ಎನ್ನಬಹುದು. ಮುನ್ನಡೆ ಇದ್ದರೆ ಮಾತ್ರ ಮುಂದಿನ ಚಕ್ರ ಎಳೆಯುತ್ತದೆ. ಇಲ್ಲದಿದ್ದರೆ ಅದು ಬ್ರೇಕಿನಂತೆ ವರ್ತಿಸುತ್ತದೆ. ಮುಂದಿನ ಮತ್ತು ಹಿಂದಿನ ಟೈರುಗಳ ಸುತ್ತಳತೆಗಳ ಅನುಪಾತ ಕೆಟ್ಟರೆ ಈ ಹೊಂದಾಣಿಕೆಯೂ ಕೆಡುತ್ತದೆ.

ಒಂದು ಉದಾಹರಣೆ ನೋಡೋಣ. ಹಿಂದಿನ ಟೈರು ಒಂದು ಸುತ್ತಿಗೆ 3.90 ಮೀಟರ್, ಮುಂದಿನದು 3.10 ಮೀಟರ್ ಸಾಗುತ್ತದೆ ಎಂದುಕೊಳ್ಳಿ. ಹಿಂದಿನ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಮುಂದಿನದು 1.3 ಸುತ್ತು ತಿರುಗುವಂತೆ ಗೇರು ಇದೆ. 3.10ನ್ನು 1.3ರಿಂದ ಗುಣಿಸಿದರೆ 4.03 ಮೀಟರ್, ಮುನ್ನಡೆ ಶೇ. 3.3. ಸರಿಯಾಗಿದೆ. ಈಗ ಹಿಂದಿನ ಟೈರು ಪೂರ್ತಿ ಸವೆದು 3.75 ಮೀಟರಿಗೆ ಇಳಿದಿರುವಾಗ ಮುಂದಿನವನ್ನು ಮಾತ್ರ ಹೊಸದಾಗಿ ಹಾಕಿಸಿದರೆ ಮುನ್ನಡೆ ಶೇ. 7ನ್ನು ದಾಟುತ್ತದೆ. ಗಟ್ಟಿ ನೆಲದಲ್ಲಿ ಮುಂದಿನ ಟೈರುಗಳು ಉಜ್ಜಿ ತೇಯುತ್ತವೆ, ಶಾಫ್ಟು ಮತ್ತು ಗೇರುಗಳು ಬಿಗಿದುಕೊಳ್ಳುತ್ತವೆ. ತಿರುವುಮುರುವಾಗಿ, ಹಿಂದೆ ಹೊಸದು, ಮುಂದೆ 2.97 ಮೀಟರಿಗೆ ಸವೆದ ಟೈರು ಇದ್ದರೆ 3.86 ಮೀಟರಷ್ಟೇ ಆಗುತ್ತದೆ. ಆಗ ಮುಂದಿನ ಚಕ್ರ ಹಿಂದೆ ಬೀಳುತ್ತದೆ. ಹೆಚ್ಚು ಹಣ ಕೊಟ್ಟು ಕೊಂಡ ನಾಲ್ಕು ಚಕ್ರದ ಎಳೆತ ಇದ್ದೂ ಇಲ್ಲದಂತಾಗುತ್ತದೆ.

ನಿಮ್ಮ ಟ್ರ್ಯಾಕ್ಟರಿನ ಗೇರ್ ಅನುಪಾತ ಕೈಪಿಡಿಯಲ್ಲಿ ಇರುತ್ತದೆ. ಇಲ್ಲವಾದರೆ ಮಾರಾಟಗಾರರ ಸರ್ವಿಸ್ ಕೇಂದ್ರದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಸುತ್ತಳತೆಯನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ, ಸರಿಯಾದ ಗಾಳಿ ಇಟ್ಟು, ಟೈರಿನ ಗುರುತು ಒಂದು ಸುತ್ತು ಬರುವವರೆಗೆ ಟ್ರ್ಯಾಕ್ಟರನ್ನು ಉರುಳಿಸಿ ಟೇಪಿನಿಂದ ಅಳೆಯಿರಿ. ಅಳತೆಯ ಅಂಕಿ ಒಂದೇ ಆಗಿದ್ದರೂ ಬೇರೆ ಬೇರೆ ತಯಾರಕರ ಟೈರುಗಳ ನಿಜವಾದ ಸುತ್ತಳತೆ ತುಸು ಬೇರೆಯಾಗಿರುತ್ತದೆ. ಸಾಧ್ಯವಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಆಗದಿದ್ದರೆ ಲೆಕ್ಕ ಹಾಕಿದ ಮೇಲೆ ಎರಡನ್ನು ಬದಲಿಸಿ. ಏನೇ ಆದರೂ ಡಾಂಬರು ರಸ್ತೆಯಲ್ಲಿ ಮುಂಚಕ್ರದ ಚಾಲನೆಯನ್ನು ಬಿಡಿಸಿಕೊಂಡೇ ಓಡಿಸಿ.

ಎರಡು ಚಕ್ರ ಚಾಲಿತ ಟ್ರ್ಯಾಕ್ಟರಿನಲ್ಲಿ ಈ ತೊಡಕಿಲ್ಲ. ಆದರೂ ಹಿಂದಿನ ಎರಡು ಟೈರುಗಳ ಸುತ್ತಳತೆ ಒಂದೇ ಇರಬೇಕು. ಒಂದು ದೊಡ್ಡದು, ಒಂದು ಚಿಕ್ಕದು ಆದರೆ ನೇರ ದಾರಿಯಲ್ಲಿಯೂ ಡಿಫರೆನ್ಷಿಯಲ್ ಸದಾ ತಿರುಗುತ್ತಲೇ ಇದ್ದು ಸವೆಯುತ್ತದೆ. ಆದ್ದರಿಂದ ಜೋಡಿಯಾಗಿಯೇ ಕೊಳ್ಳಿ.

ರೀಸೋಲ್ ಟೈರು ಆಗಬಹುದೇ?

ಹಿಂದಿನ ಚಕ್ರಕ್ಕೆ ಆಗಬಹುದು, ಒಳಗಿನ ಕವಚ ಗಟ್ಟಿಯಾಗಿದ್ದರೆ. ನಿಮ್ಮದೇ ಟೈರನ್ನು ಕೊಟ್ಟು ರೀಸೋಲ್ ಮಾಡಿಸುವುದು ಯಾರದೋ ಟೈರನ್ನು ಕೊಳ್ಳುವುದಕ್ಕಿಂತ ಉತ್ತಮ. ಅದರ ಇತಿಹಾಸ ನಿಮಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಬಿಸಿಲಿನ ಬಿರುಕು, ಅಂಚಿನಲ್ಲಿ ತಂತಿ ಕಾಣುವುದು, ದೊಡ್ಡ ಪ್ಯಾಚು ಇವುಗಳಲ್ಲಿ ಒಂದಿದ್ದರೂ ಬೇಡ. ಸ್ಟೀರಿಂಗ್ ಇರುವ ಮುಂದಿನ ಚಕ್ರಕ್ಕೆ ರೀಸೋಲ್ ಟೈರು ಹಾಕಬಾರದು.

ಕೊಳ್ಳುವಾಗ

ಬಹುತೇಕ ಟೈರುಗಳ ಪಕ್ಕದಲ್ಲಿ ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಮುದ್ರಿಸಿರುತ್ತಾರೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2324 ಎಂದಿದ್ದರೆ 2024ರ 23ನೇ ವಾರ. ವರ್ಷಗಟ್ಟಲೆ ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತ ಟೈರು ನೋಡಲು ಹೊಸದಾಗಿದ್ದರೂ ರಬ್ಬರು ಒಣಗಿರುತ್ತದೆ. ಬಿಲ್ಲಿನಲ್ಲಿ ಟೈರಿನ ಕ್ರಮಸಂಖ್ಯೆಯನ್ನು ಬರೆಸಿಕೊಳ್ಳಿ. ವಾರಂಟಿ ಕೇಳಲು ಅದು ಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಟೈರು ಮತ್ತು ಟ್ಯೂಬುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಯಾವ ದರ ಹಾಕಿದ್ದಾರೆಂದು ನೋಡಿರಿ. ಹೊಸ ಟೈರಿಗೆ ಹೊಸ ಟ್ಯೂಬನ್ನೇ ಹಾಕಿಸಿ. ಹಳೆಯ ಟ್ಯೂಬು ಹಿಗ್ಗಿರುವುದರಿಂದ ಒಳಗೆ ಮಡಿಕೆಯಾಗಿ, ಆ ಮಡಿಕೆಯಲ್ಲೇ ಹರಿಯುತ್ತದೆ.

ಜೋಡಿಸುವಾಗ ಪ್ರಾಣಾಪಾಯ

ಟೈರು ಜೋಡಿಸುವುದನ್ನು ಅನುಭವಿ ಕೆಲಸಗಾರರಿಗೆ ಬಿಡುವುದೇ ಕ್ಷೇಮ. ಆದರೂ ಕೆಲಸ ನಡೆಯುವಲ್ಲಿ ನೀವು ನಿಂತಿರುತ್ತೀರಿ. ಮಕ್ಕಳೂ ಸುತ್ತ ನೆರೆದಿರುತ್ತಾರೆ. ಆದ್ದರಿಂದ ಈ ಮಾತುಗಳು ನಿಮಗೂ ಅನ್ವಯಿಸುತ್ತವೆ.

ಟೈರಿನ ಅಂಚು ರಿಮ್ಮಿನ ಮೇಲೆ ಕೂರದಿದ್ದಾಗ ಗಾಳಿಯನ್ನು ಮತ್ತೆ ಮತ್ತೆ ಏರಿಸುತ್ತಾ ಹೋಗುವುದು ಅತ್ಯಂತ ಅಪಾಯಕರ. ಅಂಚು ಕೂರಿಸಲು ಗರಿಷ್ಠ ಎಷ್ಟು ಒತ್ತಡ ಎಂಬುದನ್ನು ಟೈರಿನ ಮೇಲೆಯೇ ಮುದ್ರಿಸಿರುತ್ತಾರೆ. ಸಾಮಾನ್ಯವಾಗಿ ಅದು 35 ಪೌಂಡು. ಅಷ್ಟಕ್ಕೂ ಕೂರದಿದ್ದರೆ ಗಾಳಿಯನ್ನು ಪೂರ್ತಿ ಬಿಟ್ಟು, ಅಂಚಿಗೆ ಸಾಬೂನು ನೀರು ಸವರಿ, ಹೊಸದಾಗಿ ಪ್ರಾರಂಭಿಸಬೇಕು. ಗ್ರೀಸು, ಡೀಸೆಲ್ ಸವರಿದರೆ ರಬ್ಬರು ಕೊಳೆಯುತ್ತದೆ. ಪೆಟ್ರೋಲು ಚಿಮುಕಿಸಿ ಬೆಂಕಿ ಹಚ್ಚಿ ಅಂಚು ಕೂರಿಸುವ ‘ಉಪಾಯ’ ಸ್ಫೋಟಕ್ಕೆ ಆಹ್ವಾನ. ಗಾಳಿ ತುಂಬುವಾಗ ಉದ್ದದ ಪೈಪು, ತಾನೇ ಕಚ್ಚಿಕೊಳ್ಳುವ ಕ್ಲಿಪ್ ಬಳಸಿ, ಟೈರಿನ ಎದುರು ನಿಲ್ಲದೆ, ಲಗ್ ಇರುವ ಕಡೆಗೆ ದೂರ ನಿಲ್ಲಬೇಕು.

ಬಿರುಕು ಬಿಟ್ಟ ರಿಮ್ಮಿಗೆ ಟೈರು ಇರುವಾಗಲೇ ವೆಲ್ಡಿಂಗ್ ಮಾಡಿಸುವುದು ಮತ್ತೊಂದು ಘೋರ ತಪ್ಪು. ಗಾಳಿ ತೆಗೆದಿದ್ದರೂ ಕಾದ ರಬ್ಬರಿನಿಂದ ಹೊಮ್ಮುವ ಅನಿಲ ಒಳಗೇ ಹೊತ್ತಿಕೊಂಡು ಟೈರು ಸಿಡಿಯಬಹುದು. ಟೈರನ್ನು ರಿಮ್ಮಿನಿಂದ ಸಂಪೂರ್ಣ ಬೇರ್ಪಡಿಸಿದ ಮೇಲೆಯೇ ವೆಲ್ಡಿಂಗ್. ಟ್ರ್ಯಾಕ್ಟರನ್ನು ಎತ್ತುವಾಗ ಜಾಕನ್ನಷ್ಟೇ ನಂಬದೆ ಗಟ್ಟಿ ಮರದ ದಿಮ್ಮಿ ಕೊಡಿ. ಹಿಂದಿನ ಟೈರಿಗೆ ನೀರು ತುಂಬಿದ್ದರೆ ಮೊದಲು ನೀರು ತೆಗೆಯಿರಿ. ಒಂದೊಂದು ಟೈರಿನಲ್ಲಿ ನೂರು ಲೀಟರಿಗೂ ಹೆಚ್ಚು ನೀರು ಇರುತ್ತದೆ. ಅಂತಹ ಚಕ್ರ ವಾಲಿದರೆ ಇಬ್ಬರು ಆಳುಗಳಿಂದಲೂ ತಡೆಯಲಾಗದು.

ಲಗ್‌ನ ದಿಕ್ಕು ತಿರುವುಮುರುವಾಗದಂತೆ ನೋಡಿಕೊಳ್ಳಿ. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಲಗ್‌ಗಳ ಕೂಡು ತುದಿ, ಮನೆಯ ಚಾವಣಿಯಂತೆ, ಮೇಲ್ಮುಖವಾಗಿ ಕಾಣಬೇಕು. ಹೀಗಿದ್ದರೆ ಮಣ್ಣು ನಡುವಿನಿಂದ ಪಕ್ಕಕ್ಕೆ ಜಾರಿ ಟೈರು ತಾನೇ ಶುಚಿಯಾಗುತ್ತದೆ.

ಗಾಳಿ ಮತ್ತು ನೀರು

ಹೊಲದ ಕೆಲಸಕ್ಕೆ ಬಯಾಸ್ ಹಿಂದಿನ ಟೈರಿಗೆ ಸಾಮಾನ್ಯವಾಗಿ 12ರಿಂದ 14 ಪೌಂಡು, ಎರಡು ಚಕ್ರ ಚಾಲಿತ ಟ್ರ್ಯಾಕ್ಟರಿನ ಮುಂದಿನ ಟೈರಿಗೆ 24ರಿಂದ 30 ಪೌಂಡು ಗಾಳಿ ಇಡುತ್ತಾರೆ. ನಿಮ್ಮ ಕೈಪಿಡಿಯ ಅಂಕಿಯೇ ಅಂತಿಮ. ಭಾರದ ಟ್ರೇಲರ್ ಎಳೆಯುವಾಗ ಹಿಂದಿನದಕ್ಕೆ ಕೆಲವು ಪೌಂಡು ಏರಿಸಿ, ಹೊಲಕ್ಕೆ ಇಳಿಯುವಾಗ ಮತ್ತೆ ಇಳಿಸಬೇಕು. ಏರಿಸಿದ್ದನ್ನು ಇಳಿಸಲು ಮರೆಯುವುದೇ ಹೆಚ್ಚು. ಟೈರಿನ ಗಾಳಿಯ ಒತ್ತಡ ಎಷ್ಟೋ ಮೇಲ್ಮಣ್ಣಿನ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ತೇವದ ಎರೆ ಹೊಲದಲ್ಲಿ 25 ಪೌಂಡಿನ ಟೈರು ಓಡಿಸಿದರೆ ಆ ಸಾಲಿನಲ್ಲಿ ಮುಂದಿನ ಬೆಳೆಯ ಬೇರು ಇಳಿಯಲು ತಿಣುಕುತ್ತದೆ. ಬೆಳಗಿನ ತಂಪಿನಲ್ಲಿ ಗೇಜಿನಿಂದ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾಲಿನಿಂದ ಒದ್ದು ನೋಡುವುದು ಅಳತೆಯಲ್ಲ.

ತೂಕಕ್ಕಾಗಿ ನೀರು ತುಂಬುವುದಾದರೆ ವಾಲ್ವನ್ನು ಮೇಲ್ಗಡೆ ತಂದು, ನೀರು ವಾಲ್ವಿನ ಮಟ್ಟಕ್ಕೆ ಬಂದೊಡನೆ ನಿಲ್ಲಿಸಿ, ಆಗ ಶೇ. 75ರಷ್ಟು ತುಂಬಿರುತ್ತದೆ. ಉಳಿದ ಜಾಗ ಗಾಳಿಗೆ. ರೇಡಿಯಲ್ ಟೈರಿಗೆ ಕಬ್ಬಿಣದ ಬಿಲ್ಲೆಗಳೇ ಒಳಿತು. ನೀರು ತುಂಬಿದರೆ ಅದರ ಮೆದು ಪಕ್ಕಗಳ ಪ್ರಯೋಜನವೇ ಕಳೆದುಹೋಗುತ್ತದೆ.

ಹುಲ್ಲುಹಾಸು ಕತ್ತರಿಸುವ ಸವಾರಿ ಯಂತ್ರಗಳನ್ನು ಬಳಸುವ ನರ್ಸರಿ, ತೋಟ ಹಾಗೂ ಶಾಲಾ ಮೈದಾನಗಳಿಂದಲೂ ವಿಚಾರಣೆಗಳು ಬರುವುದುಂಟು. ಅವುಗಳಿಗೆ ಬೇಸಾಯದ ಲಗ್ ಟೈರು ಹಾಕಬಾರದು. ಹುಲ್ಲು ಬೇರುಸಹಿತ ಕಿತ್ತುಬರುತ್ತದೆ. ಚಪ್ಪಟೆ ಮೈಯ, ಸಣ್ಣ ಕಟ್ಟುಗಳಿರುವ ಟರ್ಫ್ ಟೈರೇ ಬೇಕು. ಅವುಗಳ ಅಳತೆ 20×8.00-8 ಎಂಬಂತೆ ಮೂರು ಅಂಕಿಗಳಲ್ಲಿರುತ್ತದೆ: ಒಟ್ಟು ಎತ್ತರ, ಅಗಲ, ರಿಮ್. ಎಡಬಲ ಟೈರುಗಳ ಎತ್ತರ ಅಥವಾ ಗಾಳಿಯಲ್ಲಿ ವ್ಯತ್ಯಾಸವಾದರೆ ಕತ್ತರಿಸುವ ಬ್ಲೇಡು ವಾಲಿ ಹುಲ್ಲು ಏರುತಗ್ಗಾಗುತ್ತದೆ.

ಹೊಸ ಟೈರು ಹಾಕಿಸಿದ ಮೊದಲ ದಿನ ಎರಡು ಮೂರು ಗಂಟೆ ದುಡಿಸಿದ ನಂತರ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿಮಾಡಿ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನವೂ ಒಮ್ಮೆ ಸ್ಪ್ಯಾನರ್ ಆಡಿಸಿ, ಗಾಳಿಯನ್ನು ಗೇಜಿನಲ್ಲಿ ನೋಡಿಕೊಂಡೇ ಹೊಲಕ್ಕೆ ಇಳಿಯಿರಿ.